ಪುರಾಣದ ಬದನೆಕಾಯಿ

ಅಮೆರಿಕದ ಲೇಖಕ ಸ್ಕಾಟ್ ಪೆಕ್ ತೀರಿಕೊಂಡಿದ್ದು ನನಗೆ ಗೊತ್ತಾಗಿದ್ದು ನಾಲ್ಕು ವರ್ಷ ತಡವಾಗಿ. ಅವರಿಗೊಂದು ಪತ್ರ ಬರೆಯೋಣ ಅಂತ ನೆಟ್‌ನಲ್ಲಿ ವಿಳಾಸ ಹುಡುಕುತ್ತಿದ್ದೆ. ನೋಡಿದರೆ 2005ರ ಸೆಪ್ಟೆಂಬರ್ 25ಕ್ಕೇ, ಅಮೆರಿಕದ ಕನೆಕ್ಟಿಕಟ್‌ನ ಮನೆಯಲ್ಲಿ, 69ನೇ ವಯಸ್ಸಿಗೆ ಹೋಗಿಬಿಟ್ಟಿದ್ದರು. ಪಾರ್ಕಿನ್ಸನ್ ಇತ್ತು, ಕ್ಯಾನ್ಸರೂ ಇತ್ತು. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಕೂತು ಇನ್ನೂ ಓದಿದೆ. ಒಂದೇ ಸಂಜೆ ಅವರ ಸಾವೂ ತಿಳಿಯಿತು, ಅವರು ಬಾಳಿದ ರೀತಿಯೂ ತಿಳಿಯಿತು. ಅಳಬೇಕೋ ಬೈಯಬೇಕೋ ಅರ್ಥವಾಗಲಿಲ್ಲ.

ಪ್ರತಿ ವರ್ಷ ಅವರು ತೀರಿಕೊಂಡ ದಿನ ಬಂದಾಗ ಆ ಗೊಂದಲವೂ ಬರುತ್ತದೆ. ಈ ಸಲ ಬರೆದುಬಿಡೋಣ ಅನ್ನಿಸಿತು.

2009ರಲ್ಲಿ ನನ್ನ ಕೆಲಸ ಹೋಗಿತ್ತು. ಮೆಜೆಸ್ಟಿಕ್ ಹತ್ತಿರ ಫುಟ್‌ಪಾತ್‌ನಲ್ಲಿ ಪೆಕ್ ಬರೆದ ‘ದಿ ರೋಡ್ ಲೆಸ್ ಟ್ರಾವೆಲ್ಡ್’ ಸಿಕ್ಕಿತು. ನಕಲಿ ಪ್ರಿಂಟು, ನಡುವೆ ಎಂಟು ಪುಟ ತಲೆಕೆಳಗು. 1978ರ ಪುಸ್ತಕ. ಬರೆದವರು ಮನೋವೈದ್ಯರು, ಮೊದಲು ಅಮೆರಿಕದ ಸೈನ್ಯದಲ್ಲಿದ್ದವರು. ಅಲ್ಲಿಯವರೆಗೆ ನಾನು ಓದಿದ್ದ ಇಂಥ ಪುಸ್ತಕಗಳೆಲ್ಲ ‘ನೀನು ಹುಲಿ ಕಣೋ’ ಅಂತ ಬೆನ್ನು ತಟ್ಟುತ್ತಿದ್ದವು. ಇವರು ಮೊದಲ ಸಾಲಿನಲ್ಲೇ ಬದುಕು ಕಷ್ಟ ಅಂದುಬಿಟ್ಟರು. ಮನೆ ಬಾಡಿಗೆ ಕಟ್ಟೋಕೆ ದುಡ್ಡಿಲ್ಲದವನಿಗೆ ಆ ಮಾತು ಎಷ್ಟು ಸಮಾಧಾನ ಕೊಡುತ್ತದೆ ಅಂತ ಅನುಭವಿಸಿದವರಿಗೇ ಗೊತ್ತು.

ಅದರಲ್ಲೊಂದು ಕೇಕಿನ ಪ್ರಸಂಗ ಇದೆ. ಕೆಲಸ ಮುಂದೂಡುವ ಚಟ ಇದ್ದ ಹೆಂಗಸಿಗೆ ಪೆಕ್ ಕೇಳುತ್ತಾರೆ, ಕೇಕಿನಲ್ಲಿ ಯಾವ ಭಾಗ ಮೊದಲು ತಿನ್ನುತ್ತೀರಿ ಅಂತ. ಮೇಲಿನ ಕ್ರೀಮು ಅನ್ನುತ್ತಾಳೆ. ಆಫೀಸಿನಲ್ಲೂ ಅವಳದ್ದು ಅದೇ ಕಥೆ. ಇಷ್ಟದ ಕೆಲಸ ಮೊದಲ ಗಂಟೆಯಲ್ಲೇ ಮುಗಿಸಿ, ಆಮೇಲೆ ದಿನವಿಡೀ ಒದ್ದಾಟ. ಕಷ್ಟದ್ದನ್ನು ಮೊದಲು ಮುಗಿಸು ಅಂದರು. ನಾನೂ ಹಾಗೇ ಶುರು ಮಾಡಿದೆ. ಬೆಳಗ್ಗೆ ಎದ್ದ ಕೂಡಲೇ, ಫೋನ್ ಮಾಡಲು ಹೆದರುತ್ತಿದ್ದ ಜನಕ್ಕೆ ಫೋನ್ ಮಾಡಿದೆ. ಮೂರು ತಿಂಗಳಲ್ಲಿ ಕೆಲಸ ಸಿಕ್ಕಿತು. ಪತ್ರ ಬರೆಯಲು ಹೊರಟಿದ್ದು ಅದಕ್ಕೇ.

ಸರಿ, ಆ ಸಂಜೆ ಓದಿದ್ದೇನು? ಆಸೆಯನ್ನು ತಡೆದು ನಿಲ್ಲಿಸುವುದು ಹೇಗೆ ಅಂತ ಲಕ್ಷಾಂತರ ಜನಕ್ಕೆ ಕಲಿಸಿದ ಮನುಷ್ಯನಿಗೆ ಮದುವೆಯಾಚೆ ಸಂಬಂಧಗಳಿದ್ದವು. ಕುಡಿತ, ಸಿಗರೇಟು ಜಾಸ್ತಿಯೇ ಇತ್ತು. ಮೂವರು ಮಕ್ಕಳಲ್ಲಿ ಇಬ್ಬರು ದೂರವಾಗಿದ್ದರು. ಇದು ಯಾರೋ ಪತ್ತೆ ಹಚ್ಚಿದ ಗುಟ್ಟೇನಲ್ಲ. ಆ ಸಂಬಂಧಗಳ ವಿಷಯ, ಮಕ್ಕಳು ದೂರವಾದ ವಿಷಯ ಅವರೇ 1995ರ ‘ಇನ್ ಸರ್ಚ್ ಆಫ್ ಸ್ಟೋನ್ಸ್’ನಲ್ಲಿ ಬರೆದುಕೊಂಡಿದ್ದಾರೆ. ನಲವತ್ತಕ್ಕೂ ಹೆಚ್ಚು ವರ್ಷ ಬಾಳಿದ ಹೆಂಡತಿ ಲಿಲಿ, ಅವರು ಸಾಯುವುದಕ್ಕೆ ಸ್ವಲ್ಪ ಮುಂಚೆ ವಿಚ್ಛೇದನ ಕೊಟ್ಟು ಹೋದರು. ಪೆಕ್ ಇನ್ನೊಂದು ಮದುವೆಯಾದರು.

ನಮ್ಮಲ್ಲಿ ಪುರಾಣದ ಬದನೆಕಾಯಿ ಕಥೆ ಇದೆಯಲ್ಲ. ಪುರಾಣಿಕರು ಸಭೆಯಲ್ಲಿ ಬದನೆಕಾಯಿ ತಿನ್ನಬಾರದು ಅಂತಾರೆ. ಅದನ್ನು ಕೇಳಿಸಿಕೊಂಡ ಹೆಂಡತಿ ಮನೆಗೆ ಬಂದು ಇದ್ದ ಬದನೆಕಾಯಿಯನ್ನೆಲ್ಲ ಎಸೆಯುತ್ತಾಳೆ. ಊಟಕ್ಕೆ ಕೂತ ಗಂಡ, ‘ಅಯ್ಯೋ, ಅದು ಪುರಾಣದ ಬದನೆಕಾಯಿ ಕಣೇ’ ಅಂತಾನೆ. ನಾವೆಲ್ಲ ಗಂಡನ ಮಾತಿಗೆ ನಗುತ್ತೇವೆ. ಆ ಹೆಂಡತಿಗೆ ಹೇಗನ್ನಿಸಿತು ಅಂತ ಯಾರೂ ಕೇಳಿದ್ದು ನನಗೆ ನೆನಪಿಲ್ಲ.

ಲಿಲಿ ನೆನಪಾದರೆ ನನಗೆ ಆ ಹೆಂಡತಿ ಕಣ್ಣ ಮುಂದೆ ಬರುತ್ತಾಳೆ. ಪುಸ್ತಕದ ಶುರುವಿನಲ್ಲೇ ಪೆಕ್ ಬರೆಯುತ್ತಾರೆ, ತನ್ನ ತಿಳಿವಳಿಕೆ ಯಾವುದು, ಲಿಲಿಯದು ಯಾವುದು ಅಂತ ಬೇರೆ ಮಾಡುವುದೇ ಕಷ್ಟ ಅಂತ. ಹಾಗಾದರೆ ನನಗೆ ಕೆಲಸ ಹುಡುಕಿಕೊಟ್ಟ ಬುದ್ಧಿಮಾತಿನಲ್ಲಿ ಅರ್ಧ ಲಿಲಿಯದೇ ಇರಬಹುದು. ಹೆಸರು ಮಾತ್ರ ಮುಖಪುಟದ ಮೇಲಿಲ್ಲ.

ಇನ್ನೊಂದು ಪ್ರಸಂಗ, ಚೆಸ್ಸಿನದು. ಮಗಳಿಗೆ ಆಗ ಹದಿನಾಲ್ಕರ ಹತ್ತಿರ. ಮಾರನೇ ದಿನ ಬೆಳಗ್ಗೆ ಬೇಗ ಎದ್ದು ಸ್ಕೂಲಿಗೆ ಹೋಗಬೇಕು. ಬೇಗ ಆಡಪ್ಪಾ ಅಂತಾಳೆ. ಇವರು ಒಂದೊಂದು ನಡೆಗೂ ಯೋಚಿಸುತ್ತಾ ಕೂರುತ್ತಾರೆ. ಕೊನೆಗೆ ಹುಡುಗಿ ಅಳುತ್ತಾ ಮೆಟ್ಟಿಲು ಹತ್ತಿ ಓಡುತ್ತಾಳೆ. ಮಗಳ ಜೊತೆ ಖುಷಿಯಾಗಿರಲು ಹೊರಟವನು ಗೆಲ್ಲುವ ಹಟ ಬಿಡಲಿಲ್ಲವಲ್ಲ ಅಂತ ಆಮೇಲೆ ಪೆಕ್ ಕೊರಗುತ್ತಾರೆ. ಮೊದಲ ಸಲ ಓದಿದಾಗ ಎಂಥ ಪ್ರಾಮಾಣಿಕ ಮನುಷ್ಯ ಅನ್ನಿಸಿತ್ತು. ಈಗ ಓದಿದರೆ ಮೆಟ್ಟಿಲು ಹತ್ತಿದ ಹುಡುಗಿ ಮಾತ್ರ ಕಾಣುತ್ತಾಳೆ. ತಪ್ಪನ್ನು ಇಷ್ಟು ಚೆನ್ನಾಗಿ ಬರೆಯಬಲ್ಲವನು ಬರೆದ ಮೇಲೆ ತಿದ್ದಿಕೊಂಡಿದ್ದೇನೆ ಅಂದುಕೊಂಡುಬಿಡುತ್ತಾನೇನೋ. ನಾನು ಫೇಸ್‌ಬುಕ್‌ನಲ್ಲಿ ಮಾಡುವುದೂ ಅದೇ, ಬಿಡಿ.

ಪ್ರೀತಿ ಅನ್ನುವುದು ಮನಸ್ಸಿನಲ್ಲಿ ಹುಟ್ಟುವ ಭಾವನೆಗಿಂತ ಕೈಯಾರೆ ಮಾಡುವ ಕೆಲಸ ಅಂತ ಅವರು ವಾದ ಮಾಡುತ್ತಾರೆ. ಮಕ್ಕಳಿಗೆ ಟೈಮ್ ಕೊಡುವುದು, ಅವರ ಮಾತಿಗೆ ಕಿವಿ ಕೊಡುವುದು, ಇದೆಲ್ಲ ಬೆವರು ಬರುವ ಕೆಲಸ ಅಂತ. ಈ ಅಳತೆಗೋಲು ಅವರದ್ದೇ. ಅದರಲ್ಲೇ ಅಳೆದರೆ ಅವರು ಸೋತಿದ್ದಾರೆ. ಅಳತೆಗೋಲು ಮಾತ್ರ ಸರಿಯಾಗೇ ಇದೆ. ಅದರಿಂದ ನಾನು ಬೇರೆಯವರನ್ನೂ ಅಳೆದಿದ್ದೇನೆ.

ನಮ್ಮಪ್ಪ ಮೇಷ್ಟ್ರು. ಊರಲ್ಲಿ ಅವರ ಹೆಸರು ಹೇಳಿದರೆ ಇವತ್ತಿಗೂ ಜನ ಕೂರಲು ಕುರ್ಚಿ ಕೊಡುತ್ತಾರೆ. ಬಡ ಹುಡುಗರಿಗೆ ರಾತ್ರಿ ಹತ್ತರವರೆಗೆ ಪುಕ್ಕಟೆ ಪಾಠ ಹೇಳಿದವರು. ಮನೆಯಲ್ಲಿ ನಮ್ಮ ಜೊತೆ ಮಾತೇ ಇಲ್ಲ. ಅಮ್ಮನ ಮೇಲೆ ಕೈ ಎತ್ತುತ್ತಿದ್ದರು. ಅವರು ಹೋದ ದಿನ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಬ್ಬ ದೊಡ್ಡ ಆಫೀಸರ್ ನನ್ನ ಕೈ ಹಿಡಿದು ಮಗುವಿನ ಹಾಗೆ ಅತ್ತರು. ಅವರ ಕಣ್ಣೀರು ಸುಳ್ಳಲ್ಲ, ನನಗೆ ಚೆನ್ನಾಗಿ ಗೊತ್ತು. ನನ್ನ ಕಣ್ಣಲ್ಲಿ ಮಾತ್ರ ಏನೂ ಬರಲಿಲ್ಲ. ನಿಂತುಕೊಂಡು ಬಂದವರಿಗೆಲ್ಲ ನೀರು ಕೊಟ್ಟೆ.

ಪೆಕ್ ವಿಷಯದಲ್ಲಿ ನಾನು ಆ ಆಫೀಸರ್ ಜಾಗದಲ್ಲಿದ್ದೇನೆ. ಪಾಠ ಹೇಳಿಸಿಕೊಂಡವನು. ಹಾಗಾಗಿ ಅಳುತ್ತೇನೆ, ಅದಕ್ಕೆ ನಾಚಿಕೆ ಇಲ್ಲ. ‘ಹೋಗಲಿ ಬಿಡಿ, ಎಷ್ಟೊಂದು ಜನಕ್ಕೆ ಒಳ್ಳೆಯದು ಮಾಡಿದರಲ್ಲ’ ಅಂತ ಆ ಮಕ್ಕಳ ಪರವಾಗಿ ಕ್ಷಮಿಸುವ ಹಕ್ಕು ನನಗಿಲ್ಲ ಅಷ್ಟೇ. ಆ ಮಾತನ್ನು ನನ್ನ ಮುಂದೆ ತುಂಬಾ ಜನ ಆಡಿದ್ದಾರೆ. ಪ್ರತಿ ಸಲ ಹೊಟ್ಟೆ ಉರಿದಿದೆ.

ಹೋದ ತಿಂಗಳು ಅಪ್ಪನ ತಿಥಿ ಇತ್ತು. ಅಕ್ಕ ಈ ವರ್ಷವೂ ಬರಲಿಲ್ಲ. ಯಾಕೆ ಅಂತ ನಾನೂ ಕೇಳಲಿಲ್ಲ. ಸಂಜೆ ಅವಳ ಮನೆಗೆ ಹೋಗಿ ಕಾಫಿ ಕುಡಿದು ಬಂದೆ.