ಹಾಲು ಉಕ್ಕುವಷ್ಟರಲ್ಲಿ

"ಹಾಲಿಟ್ಟಿದೀನಿ, ನೋಡ್ಕೋ" ಅಂತ ಹೇಳಿ ಅಮ್ಮ ಸ್ನಾನಕ್ಕೆ ಹೋದಳು. 2019ರ ಅಕ್ಟೋಬರ್ 5, ಶನಿವಾರ ಬೆಳಿಗ್ಗೆ. ಅಮೆರಿಕದಲ್ಲಿ ಇನ್ನೂ ಶುಕ್ರವಾರ ರಾತ್ರಿ. ಟೀವಿಯಲ್ಲಿ WWE ಕುಸ್ತಿ: ಚಾಂಪಿಯನ್ ಬೆಲ್ಟಿಗಾಗಿ ನನ್ನ ಮೆಚ್ಚಿನ ಚಾಂಪಿಯನ್ ಕೋಫಿ ಕಿಂಗ್‌ಸ್ಟನ್, ದೈತ್ಯ ಬ್ರಾಕ್ ಲೆಸ್ನರ್ ಎದುರುಬದುರು. ಗಂಟೆ ಬಾರಿಸಿತು. ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಸೊಂಯ್ ಅಂತ ಸದ್ದು. ಓಡಿದೆ, ಒಲೆ ಆರಿಸಿದೆ, ಓಡಿಬಂದೆ. ಬೆಲ್ಟು ಲೆಸ್ನರ್ ಕೈಯಲ್ಲಿತ್ತು.

ಯಾವುದೋ ಹಳೇ ಪಂದ್ಯ ತೋರಿಸ್ತಿದಾರೆ ಅಂದುಕೊಂಡೆ. ರೀಪ್ಲೇ ಬಂತು. ಕೋಫಿ ಹಾರಿ ಬಂದ, ಲೆಸ್ನರ್ ಅವನನ್ನು ಅಕ್ಕಿ ಮೂಟೆಯ ಹಾಗೆ ಹೆಗಲಿಗೇರಿಸಿ ತಿರುಗಿಸಿ ಒಗೆದ. ಒಂದು, ಎರಡು, ಮೂರು. ಹತ್ತು ಸೆಕೆಂಡೂ ಆಗಿರಲಿಲ್ಲ.

ಇದೆಲ್ಲ ಮೊದಲೇ ಬರೆದಿಟ್ಟ ಆಟ ಅಂತ ನನಗೂ ಗೊತ್ತು ಸ್ವಾಮಿ. ಕೀಚಕ ಸಾಯ್ತಾನೆ ಅಂತ ಗೊತ್ತಿದ್ದೇ ಅಲ್ಲವೇ ನಾವು ಯಕ್ಷಗಾನಕ್ಕೆ ನಿದ್ದೆಗೆಟ್ಟು ಕೂರುವುದು? ಆದರೆ ಭೀಮ ರಂಗಕ್ಕೆ ಬಂದ ಕೂಡಲೇ ಕೀಚಕ ಕಾಲುಜಾರಿ ಬಿದ್ದು ಸತ್ತರೆ ಚಾಪೆ ಸುತ್ತಿಕೊಂಡು ಭಾಗವತರನ್ನು ಹುಡುಕಿಕೊಂಡು ಹೋಗುತ್ತೇವೆ.

ಕೋಫಿ ಕಥೆ ಎಷ್ಟು ಚೆನ್ನಾಗಿ ಶುರುವಾಗಿತ್ತು! ಹನ್ನೊಂದು ವರ್ಷ ನಗುನಗುತ್ತಾ ಪಕ್ಕವಾದ್ಯ ನುಡಿಸಿದ ಮನುಷ್ಯ. ಆ ವರ್ಷ ಫೆಬ್ರವರಿಯಲ್ಲಿ ಗಾಯಗೊಂಡ ಮುಸ್ತಫಾ ಅಲಿ ಅನ್ನೋ ಕುಸ್ತಿಪಟುವಿನ ಜಾಗಕ್ಕೆ ಬದಲಿಯಾಗಿ ಬಂದವನು ಜನರ ಕಣ್ಮಣಿಯಾದ. ಮಾಲೀಕ ವಿನ್ಸ್ ಮೆಕ್‌ಮಹನ್ ಪ್ರತಿ ವಾರ ಹೊಸ ಅಡ್ಡಗಾಲು. ಸೀರಿಯಲ್ ಬಿಟ್ಟು ಬೇರೇನೂ ನೋಡದ ಅಮ್ಮ ಒಂದು ದಿನ ಬಾಗಿಲಲ್ಲೇ ನಿಂತು, "ಈ ಮುದುಕ ಥೇಟ್ ಅತ್ತೆ ಕಣೋ" ಅಂದಳು. ಅಂದಿನಿಂದ ಕೋಫಿ ನಮ್ಮನೆ ಸೊಸೆ. ಏಪ್ರಿಲ್‌ನಲ್ಲಿ ನ್ಯೂಜೆರ್ಸಿಯಲ್ಲಿ ನಡೆದ WWEಯ ವರ್ಷದ ದೊಡ್ಡ ಜಾತ್ರೆ ರೆಸಲ್‌ಮೇನಿಯಾದಲ್ಲಿ ಚಾಂಪಿಯನ್ ಡೇನಿಯಲ್ ಬ್ರಯಾನ್‌ನನ್ನು ಸೋಲಿಸಿ ಬೆಲ್ಟು ಗೆದ್ದು, ತನ್ನ ಪುಟ್ಟ ಮಕ್ಕಳನ್ನು ರಿಂಗಿಗೆ ಕರೆದುಕೊಂಡಾಗ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಅತ್ತಿಲ್ಲ. ನೆಗಡಿಯಾಗಿತ್ತು.

ಸೋತದ್ದಕ್ಕೆ ಸಿಟ್ಟಲ್ಲ. 2023ರ ರೆಸಲ್‌ಮೇನಿಯಾದಲ್ಲಿ ಕೋಡಿ ರೋಡ್ಸ್ ಚಾಂಪಿಯನ್ ರೋಮನ್ ರೇನ್ಸ್‌ಗೆ ಸೋತಾಗಲೂ ರಿಮೋಟ್ ಎಸೆದವನೇ ನಾನು. ಆದರೆ ಮರುವರ್ಷ ಫಿಲಡೆಲ್ಫಿಯಾದಲ್ಲಿ ಅವನೇ ಅದೇ ರೇನ್ಸ್‌ನ 1,316 ದಿನಗಳ ಚಾಂಪಿಯನ್ ದರ್ಬಾರು ಮುಗಿಸಿದಾಗ ಆ ಸೋಲಿನ ಬಡ್ಡಿಯೂ ವಸೂಲಾಯಿತು. (ರಿಮೋಟಿನ ಹಿಂಬದಿ ಮುಚ್ಚಳ ಮಾತ್ರ ಇನ್ನೂ ಸಿಕ್ಕಿಲ್ಲ.) ಕೋಫಿಗೆ ಬಡ್ಡಿ ಹಾಗಿರಲಿ, ಅಸಲೂ ಬರಲಿಲ್ಲ. ಅವನು ನೆಲದಿಂದ ಏಳುವ ಮೊದಲೇ ಲೆಸ್ನರ್ ಎದುರಿಗೆ ಅವನ ಹಳೇ ಎದುರಾಳಿ ಕೇನ್ ವೆಲಾಸ್ಕೆಜ್ ಬಂದು ನಿಂತು, ಮುಂದಿನ ಕಥೆ ಶುರುವಾಗಿಬಿಟ್ಟಿತ್ತು.

ಅಮ್ಮ ತಲೆಗೆ ಟವೆಲ್ ಸುತ್ತಿಕೊಂಡು ಬಂದು ಒಲೆ ನೋಡಿದಳು, ನನ್ನ ಮುಖ ನೋಡಿದಳು, ಏನೂ ಬೈಯದೆ ಮಸಿಬಟ್ಟೆ ಕೈಗಿಟ್ಟಳು. ಬರ್ನರ್ ಉಜ್ಜುತ್ತಾ ನಡೆದದ್ದನ್ನೆಲ್ಲ ಹೇಳಿದೆ.

ಒಂದೆರಡು ತಿಂಗಳ ನಂತರ ಒಂದು ದಿನ ದೋಸೆ ಹುಯ್ಯುತ್ತಾ ಕೇಳಿದಳು: "ಆ ಹುಡುಗ ಸೇಡು ತೀರಿಸ್ಕೊಂಡ್ನೇನೋ?"

"ಇಲ್ಲಮ್ಮ. ಮತ್ತೆ ಗೆಳೆಯರ ಜೊತೆ ನಗ್ತಾ ಇದಾನೆ, ಜನರ ಕಡೆ ಪ್ಯಾನ್‌ಕೇಕ್ ಎಸೀತಾನೆ."

"ಹಂಗಂದ್ರೆ?"

"ದೋಸೆ ಥರದ್ದು."

ಅಮ್ಮ ಸೌಟು ಕೆಳಗಿಟ್ಟಳು. "ತಿನ್ನೋ ಪದಾರ್ಥ ಎಸೀತಾನಾ? ಹಂಗಾದ್ರೆ ಸೋತದ್ದೇ ಸರಿ ಬಿಡು."