ಕೆಮ್ಮಿನ ಸಿರಪ್ ಕೊಡುವಾಗ ನಾನು ಕೇಳದೆ ಬಿಟ್ಟ ಮಾತು

ಹುಣಸೂರಿನಲ್ಲಿ ನಮ್ಮ ಮೆಡಿಕಲ್ ಶಾಪ್ ಶುರುವಾಗಿ 16 ವರ್ಷ ಆಯಿತು. ಅದರಲ್ಲಿ ಮೊದಲ 9 ವರ್ಷ ಒಬ್ಬ ಯಜಮಾನರಿಗೆ ನಾನೇ ಕೈಯಾರೆ ಕೆಮ್ಮಿನ ಸಿರಪ್ ಕೊಟ್ಟಿದ್ದೇನೆ. ತಿಂಗಳಿಗೆ ಎರಡು ಬಾಟಲಿ, ಚಳಿಗಾಲದಲ್ಲಿ ಮೂರು. ಮೈಮೇಲೆಲ್ಲ ಬೀಡಿ ವಾಸನೆ. ಅಂಗಿ ಜೇಬಿನಲ್ಲಿ ಬೀಡಿ ಕಟ್ಟು ಎದ್ದು ಕಾಣುತ್ತಿತ್ತು. ನಾನು ದುಡ್ಡು ತಗೊಂಡು, ಚಿಲ್ಲರೆ ಕೊಟ್ಟು, "ಬಿಸಿನೀರು ಕುಡೀರಿ" ಅಂತ ಹೇಳಿ ಕಳಿಸುತ್ತಿದ್ದೆ. ಅಷ್ಟೇ.

ಒಂದು ದಿನ ಅವರ ಮಗಳು ಮೈಸೂರಿನ ಡಾಕ್ಟರ್ ಬರೆದ ಚೀಟಿ ಹಿಡಿದು ಬಂದಳು. ಇನ್‌ಹೇಲರ್, ಉಸಿರಾಟ ಸಲೀಸು ಮಾಡುವ ಥಿಯೋಫಿಲಿನ್ ಮಾತ್ರೆ. ಕಾಯಿಲೆ ಸಿಒಪಿಡಿ. ಶ್ವಾಸಕೋಶ ಹಾಳಾಗಿದೆ, ಮೊದಲಿನ ಹಾಗೆ ಆಗುವುದಿಲ್ಲ ಅಂತ ಡಾಕ್ಟರ್ ಹೇಳಿದ್ದರಂತೆ. ಔಷಧಿ ತಗೊಳ್ಳುತ್ತಾ ಆ ಹುಡುಗಿ ಮೆಲ್ಲಗೆ ಕೇಳಿದಳು: "ಇಷ್ಟು ವರ್ಷ ನಿಮ್ಮ ಹತ್ರಾನೇ ಬರ್ತಿದ್ರಲ್ಲ, ಬೀಡಿ ಬಿಡಿ ಅಂತ ನೀವೂ ಹೇಳಲಿಲ್ವಾ?"

ಅವಳಿಗೆ ನನ್ನ ಮೇಲೆ ಸಿಟ್ಟೇನೂ ಇರಲಿಲ್ಲ. ಸುಮ್ನೆ ಕೇಳಿದಳು. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಯೋಚನೆ ಮಾಡಿ ನೋಡಿ. ಹಳ್ಳಿಯ ಮನುಷ್ಯ ಡಾಕ್ಟರ್ ಹತ್ತಿರ ಹೋಗುವುದು ವರ್ಷಕ್ಕೆ ಒಂದೋ ಎರಡೋ ಸಲ, ಅದೂ ತೀರಾ ಆಗದೇ ಹೋದಾಗ. ಮೆಡಿಕಲ್ ಶಾಪ್‌ಗೆ ತಿಂಗಳಿಗೆ ಮೂರು ಸಲ ಬರುತ್ತಾನೆ. ಇಲ್ಲಿ ಟೋಕನ್ ಇಲ್ಲ, ಫೀಸ್ ಇಲ್ಲ. ಬೀಡಿ ಸೇದುವವನನ್ನು ಇಷ್ಟು ಹತ್ತಿರದಿಂದ, ಇಷ್ಟು ಸಲ ನೋಡುವ, ಔಷಧಿ ಬಗ್ಗೆ ಓದಿದ ಮನುಷ್ಯ ಊರಲ್ಲಿ ಬೇರೆ ಯಾರಿದ್ದಾರೆ? ಅವನೂ ಬಾಯಿ ಬಿಡದಿದ್ದರೆ ಹೇಗೆ?

"ಹೇಳಿದರೆ ಯಾರು ಕೇಳ್ತಾರೆ" ಅಂತ ನನ್ನಂಥ ಫಾರ್ಮಸಿಸ್ಟ್‌ಗಳೇ ಅನ್ನುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆ ನೋಡಿ. ದೇಶದಲ್ಲಿ ಬೀಡಿ, ಸಿಗರೇಟು ಸೇದುವವರಲ್ಲಿ ಶೇ 55.4ರಷ್ಟು ಜನ ಬಿಡುವ ಯೋಚನೆಯಲ್ಲೇ ಇದ್ದರು. ಅಂದರೆ ನನ್ನ ಕೌಂಟರ್ ಮುಂದೆ ನಿಲ್ಲುವ ಇಬ್ಬರಲ್ಲಿ ಒಬ್ಬರಿಗೆ ಮನಸ್ಸು ಆಗಲೇ ಇದೆ. ದಾರಿ ಗೊತ್ತಿಲ್ಲ, ಅಷ್ಟೇ.

ಈಗ ನಾನು ಕೇಳುತ್ತೇನೆ. ಆದರೆ ನಾಲ್ಕು ಜನರ ಮುಂದೆ "ಬೀಡಿ ಸೇದ್ತೀರಾ?" ಅಂತಲ್ಲ. ಹಾಗೆ ಕೇಳಿದರೆ ಯಾರೂ ನಿಜ ಹೇಳುವುದಿಲ್ಲ, ಮತ್ತೆ ಅಂಗಡಿ ಕಡೆ ತಲೆ ಹಾಕುವುದೂ ಇಲ್ಲ. ಜನ ಕಡಿಮೆ ಆಗುವವರೆಗೆ ಕಾಯುತ್ತೇನೆ. ಆಮೇಲೆ "ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲನೇದು ಹಚ್ತೀರಿ?" ಅಂತ ಕೇಳುತ್ತೇನೆ. ಈ ಒಂದು ಪ್ರಶ್ನೆಯಲ್ಲಿ ತುಂಬಾ ತಿಳಿಯುತ್ತದೆ. ಎದ್ದ ಅರ್ಧ ಗಂಟೆಯೊಳಗೆ ಬೇಕೇ ಬೇಕು ಅನ್ನುವವರಿಗೆ ನಿಕೋಟಿನ್ ಹಿಡಿತ ಜಾಸ್ತಿ. ಅಂಥವರಿಗೆ 4 ಮಿಲಿಗ್ರಾಂ ನಿಕೋಟಿನ್ ಗಮ್ (ಬೀಡಿ ಬಿಡಲು ಬಾಯಲ್ಲಿ ಅಗಿಯುವ ಔಷಧಿ) ಬೇಕಾಗುತ್ತದೆ, ಅದಕ್ಕೆ ಡಾಕ್ಟರ್ ಚೀಟಿ ಬೇಕು. ಉಳಿದವರಿಗೆ 2 ಮಿಲಿಗ್ರಾಂ ಸಾಕು, ಅದನ್ನು ಚೀಟಿ ಇಲ್ಲದೆ ಕೊಡಬಹುದು.

ಈ ಗಮ್ ವಿಷಯ ಸ್ವಲ್ಪ ವಿವರವಾಗಿ ಹೇಳಲೇಬೇಕು. ಬಿಡುವ ಆಸೆಯಿಂದ ಬಂದವರು ಎಷ್ಟೋ ಜನ ಇಲ್ಲೇ ಸೋಲುತ್ತಾರೆ, ತಪ್ಪು ಅವರದ್ದಲ್ಲ. ನಾವು ಸ್ಟ್ರಿಪ್ ಕತ್ತರಿಸಿ ಕೊಟ್ಟು ಸುಮ್ಮನಾಗುತ್ತೇವೆ. ಅವರು ಅದನ್ನು ಮಕ್ಕಳು ಬಬಲ್ ಗಮ್ ಅಗಿಯುವ ಹಾಗೆ ಕಚಕಚ ಅಗಿಯುತ್ತಾರೆ. ನಿಕೋಟಿನ್ ಎಲ್ಲ ಎಂಜಲಿನ ಜೊತೆ ಹೊಟ್ಟೆಗೆ ಹೋಗುತ್ತದೆ. ಬಿಕ್ಕಳಿಕೆ, ಹೊಟ್ಟೆ ಉರಿ, ವಾಕರಿಕೆ. "ಇದಕ್ಕಿಂತ ಬೀಡೀನೇ ವಾಸಿ" ಅಂತ ಎರಡನೇ ದಿನಕ್ಕೆ ಎಸೆಯುತ್ತಾರೆ.

ಅದನ್ನು ನಿಧಾನಕ್ಕೆ ಅಗಿಯಬೇಕು. ಬಾಯಲ್ಲಿ ಮೆಣಸಿನ ಥರ ಚುರುಚುರು ಅಂದ ಕೂಡಲೇ ನಿಲ್ಲಿಸಿ, ಕೆನ್ನೆಗೂ ಒಸಡಿಗೂ ನಡುವೆ ಸೇರಿಸಿ ಇಟ್ಟುಕೊಳ್ಳಬೇಕು. ಚುರುಚುರು ಹೋದ ಮೇಲೆ ಮತ್ತೆ ಸ್ವಲ್ಪ ಅಗಿಯಬೇಕು, ಮತ್ತೆ ಇಡಬೇಕು. ಹೀಗೆ ಸುಮಾರು ಅರ್ಧ ಗಂಟೆ. ನಿಕೋಟಿನ್ ಬಾಯಿಯ ಒಳಚರ್ಮದಿಂದ ರಕ್ತಕ್ಕೆ ಸೇರಬೇಕು, ಹೊಟ್ಟೆಯಿಂದ ಅಲ್ಲ. ಗಮ್ ಹಾಕುವ 15 ನಿಮಿಷ ಮೊದಲಿಂದ ಏನೂ ತಿನ್ನಬಾರದು, ಕುಡಿಯಬಾರದು. ಕಾಫಿ, ನಿಂಬೆ ಶರಬತ್ತು, ಸೋಡಾ ಕುಡಿದರೆ ಬಾಯಿ ಹುಳಿಯಾಗಿ ನಿಕೋಟಿನ್ ಸರಿಯಾಗಿ ಸೇರುವುದಿಲ್ಲ. ನಮ್ಮ ಕಡೆ ಬೀಡಿ, ಸಿಗರೇಟು ಹಚ್ಚುವುದೇ ಟೀ-ಕಾಫಿ ಜೊತೆಗೆ. ಹಾಗಾಗಿ ಈ ಮಾತನ್ನು ಎರಡು ಸಲ ಹೇಳುತ್ತೇನೆ.

ಮೊದಲ ಆರು ವಾರ ಒಂದೆರಡು ಗಂಟೆಗೆ ಒಂದು ಗಮ್ ಬೇಕಾಗುತ್ತದೆ. ಆಮೇಲೆ ಇಳಿಸುತ್ತಾ ಒಟ್ಟು 12 ವಾರ. ದಿನಕ್ಕೆ ಒಂದೋ ಎರಡೋ ತಿಂದು "ಕೆಲಸ ಮಾಡಲಿಲ್ಲ" ಅನ್ನುವವರೇ ಜಾಸ್ತಿ. "ಇದರಲ್ಲೂ ನಿಕೋಟಿನ್ ಇದೆಯಲ್ಲ, ಇದೂ ಕ್ಯಾನ್ಸರ್ ತರಲ್ವಾ?" ಅಂತ ಹೆದರುತ್ತಾರೆ. ಚಟ ಹಿಡಿಸುವುದು ನಿಕೋಟಿನ್, ನಿಜ. ಆದರೆ ಕ್ಯಾನ್ಸರ್ ತರುವುದು ಹೊಗೆಯಲ್ಲಿರುವ ಟಾರ್ ಮತ್ತು ಬೇರೆ ವಿಷಗಳು. ಗಮ್‌ನಲ್ಲಿ ಹೊಗೆ ಇಲ್ಲ. ಇಷ್ಟು ಹೇಳಲು ಎರಡು ನಿಮಿಷ ಸಾಕು.

ಆ ಯಜಮಾನರ ಕಥೆಗೆ ಬರುತ್ತೇನೆ. ಕಾಯಿಲೆ ಗೊತ್ತಾದ ಮೇಲೆ ಅವರೇ ಬಂದರು. ಗಮ್ ಶುರು ಮಾಡಿದೆವು. ನಾಲ್ಕನೇ ವಾರ ಅವರ ಅಣ್ಣ ತೀರಿಕೊಂಡರು, ಆ ದಿನವೇ ಇವರು ಮತ್ತೆ ಬೀಡಿ ಹಚ್ಚಿದರು. ನಾಚಿಕೆಯಿಂದ ಎರಡು ತಿಂಗಳು ಅಂಗಡಿಗೆ ಬರಲಿಲ್ಲ, ಔಷಧಿಗೂ ಮಗಳನ್ನೇ ಕಳಿಸಿದರು. ಆಮೇಲೆ ಎರಡನೇ ಸಲ. ಈ ಸಲ ಪೂರ್ತಿ ಬಿಟ್ಟರು. ಆದರೆ ಹತ್ತು ದಿನಕ್ಕೆ ಬಂದು "ಬೀಡಿ ಬಿಟ್ಟ ಮೇಲೆ ಎದೆ ಡವಡವ ಅಂತದೆ, ವಾಂತಿ ಬಂದಂಗೆ ಆಗ್ತದೆ, ನಂಗೆ ಬೀಡಿ ಇಲ್ದೆ ಆಗಲ್ಲ" ಅಂದರು.

ನನಗೆ ಥಟ್ಟನೆ ಥಿಯೋಫಿಲಿನ್ ನೆನಪಾಯಿತು. ಬೀಡಿ ಹೊಗೆ ಲಿವರ್‌ನ ಕೆಲಸ ಚುರುಕು ಮಾಡಿ ಆ ಮಾತ್ರೆಯನ್ನು ಬೇಗ ಕರಗಿಸುತ್ತಿರುತ್ತದೆ. ಹೊಗೆ ನಿಂತ ಮೇಲೆ ಅದೇ ಮಾತ್ರೆ ರಕ್ತದಲ್ಲಿ ಜಾಸ್ತಿ ಉಳಿಯುತ್ತದೆ. ಚೀಟಿ ಬರೆದ ಡಾಕ್ಟರ್‌ಗೆ ಅಲ್ಲಿಂದಲೇ ಫೋನ್ ಮಾಡಿಸಿದೆ. ಅವರು ನೋಡಿ ಡೋಸ್ ಇಳಿಸಿದರು. ಎರಡು ವಾರದಲ್ಲಿ ಎಲ್ಲ ಸರಿ ಹೋಯಿತು. ಅವತ್ತು ಅವರ ಔಷಧಿಯ ಲೆಕ್ಕ ತಿಳಿದವರು ಯಾರೂ ಎದುರಿಗೆ ಇಲ್ಲದಿದ್ದರೆ ಅವರು ಸಂಜೆಗೆ ಬೀಡಿ ಹಚ್ಚಿರುತ್ತಿದ್ದರು, ಅಲ್ವಾ? ಇಂಥ ಕಡೆಯೇ ಫಾರ್ಮಸಿಸ್ಟ್ ಬೇಕಾಗುವುದು.

ಎಲ್ಲವನ್ನೂ ನಾವೇ ಮಾಡುತ್ತೇವೆ ಅಂತ ನಾನು ಹೇಳುತ್ತಿಲ್ಲ. ಎರಡು ವಾರ ದಾಟಿದ ಕೆಮ್ಮು, ಕಫದಲ್ಲಿ ರಕ್ತ, ಎದೆನೋವು, ಗರ್ಭಿಣಿಯರು, ಇತ್ತೀಚೆಗೆ ಹಾರ್ಟ್ ಅಟ್ಯಾಕ್ ಆದವರು, ಇವರನ್ನೆಲ್ಲ ಡಾಕ್ಟರ್ ಹತ್ತಿರ ಕಳಿಸಲೇಬೇಕು.

ಕೆಲವರು ನನ್ನನ್ನು ಕೇಳುತ್ತಾರೆ, "ಹೊಗೆಸೊಪ್ಪು ಬೆಳೆಯೋ ಊರಲ್ಲಿ ಕೂತು ಸೇದಬೇಡಿ ಅಂತೀರಲ್ಲ?" ಹುಣಸೂರು, ಪಿರಿಯಾಪಟ್ಟಣದ ಕಡೆ ಎಷ್ಟು ಮನೆಗಳ ಬದುಕು ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಮೇಲೆ ನಿಂತಿದೆ ಅಂತ ನನಗೆ ಗೊತ್ತು. ನನ್ನ ಡಿಪ್ಲೊಮಾ ಫೀಸ್ ಕಟ್ಟಿದ್ದು ಕೂಡ ಸೋದರಮಾವ ಹೊಗೆಸೊಪ್ಪು ಮಾರಿ ತಂದ ದುಡ್ಡಿನಲ್ಲೇ. ರೈತನ ಮೇಲೆ ನನಗೆ ಒಂದು ಮಾತೂ ಇಲ್ಲ. ಆದರೆ ಕೆಮ್ಮುತ್ತಾ ಕೌಂಟರ್ ಹಿಡಿದು ನಿಂತ ಮನುಷ್ಯನಿಗೆ ಇದು ಉತ್ತರ ಆಗುವುದಿಲ್ಲ.

ಇನ್ನೊಂದು ವಿಷಯ. 2018ರಿಂದ ತಂಬಾಕು ಪ್ಯಾಕಿನ ಮೇಲೆಲ್ಲ 1800-11-2356 ಅಂತ ನಂಬರ್ ಇದೆ. ಬಿಡಲು ಸಹಾಯ ಮಾಡುವ ಉಚಿತ ಕ್ವಿಟ್‌ಲೈನ್ ಅದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಅದರ ಕೇಂದ್ರ ಇದೆ, ಕನ್ನಡದಲ್ಲೇ ಮಾತಾಡಬಹುದು. ಆದರೆ ನಮ್ಮ ಜನ ಪ್ಯಾಕ್ ಎಲ್ಲಿ ಕೊಳ್ಳುತ್ತಾರೆ? ಸಿಗರೇಟನ್ನು ಬಿಡಿಬಿಡಿಯಾಗಿ ಮಾರಬಾರದು ಅಂತ ಕರ್ನಾಟಕದಲ್ಲಿ 2017ರಲ್ಲೇ ಆದೇಶ ಆಗಿದೆ, ಪೆಟ್ಟಿಗೆ ಅಂಗಡಿಗಳಲ್ಲಿ ಇವತ್ತಿಗೂ ಒಂದೊಂದಾಗಿಯೇ ಸಿಗುತ್ತದೆ. ಒಂದು ಸಿಗರೇಟು ಕೊಳ್ಳುವವನಿಗೆ ಆ ನಂಬರ್ ಕಣ್ಣಿಗೇ ಬೀಳುವುದಿಲ್ಲ. ಅದಕ್ಕೇ ನಾನು ಔಷಧಿ ಹಾಕಿಕೊಡುವ ಕಾಗದದ ಕವರ್ ಮೇಲೆ ಪೆನ್ನಿನಲ್ಲಿ ಬರೆದು ಕೊಡುತ್ತೇನೆ.

ಬೇಸರದ ಮಾತೂ ಇದೆ. ಬೀಡಿ ಕಟ್ಟಿಗಿಂತ ಗಮ್ ದುಬಾರಿ. ಕೂಲಿ ಮಾಡುವವನು 12 ವಾರ ಹೇಗೆ ಕೊಂಡಾನು? ಈ ಗಮ್‌ನಂಥ ನಿಕೋಟಿನ್ ಬದಲಿ ಔಷಧಿಯನ್ನು 2022ರಲ್ಲಿ ಕೇಂದ್ರ ಸರ್ಕಾರವೇ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ಪಟ್ಟಿಯಲ್ಲಿದ್ದರೆ ಸಾಲದು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗಬೇಕು. ಇಂಗ್ಲೆಂಡಿನಲ್ಲಿ 2022ರಿಂದ, ಆಸ್ಪತ್ರೆಯಲ್ಲಿ ಸಿಗರೇಟು ಬಿಡಲು ಶುರು ಮಾಡಿದವರನ್ನು ಅವರ ಮನೆ ಹತ್ತಿರದ ಫಾರ್ಮಸಿಗೆ ಒಪ್ಪಿಸುತ್ತಾರೆ. ಅಲ್ಲಿ ಔಷಧಿಯೂ ಸಿಗುತ್ತದೆ, ಮಾತಾಡಿ ಧೈರ್ಯ ತುಂಬುವವರೂ ಇರುತ್ತಾರೆ. ಆ ಕೆಲಸಕ್ಕೆ ಸರ್ಕಾರ ಫಾರ್ಮಸಿಗೆ ದುಡ್ಡು ಕೊಡುತ್ತದೆ. ನಮ್ಮಲ್ಲಿ 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳಲ್ಲಿ ರೋಗಿಗೆ ತಿಳಿಸಿ ಹೇಳುವುದು ಫಾರ್ಮಸಿಸ್ಟ್ ಕೆಲಸ ಅಂತ ಬರೆದಿದೆ. ಆದರೆ ಎಷ್ಟು ಅಂಗಡಿಗಳಲ್ಲಿ ಸರ್ಟಿಫಿಕೇಟ್ ಗೋಡೆ ಮೇಲಿದ್ದು, ಓದಿದ ಮನುಷ್ಯ ಮಾತ್ರ ಕೌಂಟರ್ ಹಿಂದೆ ಇರುವುದಿಲ್ಲ! ಇದು ನಮ್ಮ ತಪ್ಪು, ನಾವೇ ಸರಿ ಮಾಡಬೇಕು.

ಇದನ್ನು ಓದುತ್ತಿರುವ ಯಾರಿಗಾದರೂ ಬಿಡುವ ಮನಸ್ಸಿದ್ದರೆ ನಿಮ್ಮ ಊರಿನ ಮೆಡಿಕಲ್ ಶಾಪ್‌ನಲ್ಲಿ "ಫಾರ್ಮಸಿಸ್ಟ್ ಇದ್ದಾರಾ?" ಅಂತ ಕೇಳಿ. ಗಮ್ ಹೇಗೆ ಬಳಸಬೇಕು ಅಂತ ಬಾಯಿಬಿಟ್ಟು ಕೇಳಿ, ಹೇಳುವವರೆಗೆ ಅಲ್ಲಾಡಬೇಡಿ. ಹುಣಸೂರಿನವರಾದರೆ ನಮ್ಮ ಅಂಗಡಿಗೇ ಬನ್ನಿ. ಮಧ್ಯಾಹ್ನ 3ರಿಂದ 5ರವರೆಗೆ ಜನ ಕಡಿಮೆ, ಕೂತು ಮಾತಾಡಬಹುದು. ಒಂದು ಸಲ ಬಿಟ್ಟು ಮತ್ತೆ ಹಚ್ಚಿದವರಾದರೂ ಪರವಾಗಿಲ್ಲ, ಬನ್ನಿ.