ಮಕ್ಕಳ ಮಂತ್ರಿಮಂಡಲಕ್ಕೆ ಉತ್ತರ ಕೊಡಿ

ವಿಜಯಪುರ ಜಿಲ್ಲೆಯ ನಮ್ಮ ಕಡೆ ಶಾಲೆ ಶುರುವಾಗಿ ಸ್ವಲ್ಪ ದಿನಕ್ಕೆ ಶಾಲಾ ಸಂಸತ್ತಿನ ಚುನಾವಣೆ ನಡೆಯುತ್ತದೆ. ನಾಮಪತ್ರ, ಚಿಹ್ನೆ, ಪ್ರಚಾರ, ಬೆರಳಿಗೆ ಶಾಯಿ ಎಲ್ಲಾ ಇರುತ್ತದೆ, ಕೆಲವು ಕಡೆ ಮೊಬೈಲ್ ಆ್ಯಪ್‌ನಲ್ಲೇ ಮತ ಹಾಕಿಸುತ್ತಾರೆ. ಮಕ್ಕಳು ಎಷ್ಟು ಖುಷಿಯಿಂದ ಪ್ರಮಾಣವಚನ ತೆಗೆದುಕೊಳ್ಳುತ್ತಾರೆ! ಆಮೇಲೆ ಏನು? ಆಹಾರ ಮಂತ್ರಿ ಊಟದ ಸಾಲು ನೋಡಿಕೊಳ್ಳಬೇಕು, ಸ್ವಚ್ಛತಾ ಮಂತ್ರಿ ಅಂಗಳದ ಕಸ ತೆಗೆಸಬೇಕು. ಅದು ಮಾಸ್ತರರಿಗೆ ಸಹಾಯ ಆಯಿತು, ಸರಿ. ತೀರ್ಮಾನದಲ್ಲಿ ಮಕ್ಕಳಿಗೆ ಪಾಲೆಲ್ಲಿ?

ನನ್ನ ತಂಗಿಯ ಮಗಳು ಹಳ್ಳಿ ಶಾಲೆಯೊಂದರಲ್ಲಿ ಆರೋಗ್ಯ ಮಂತ್ರಿ. ಹುಡುಗಿಯರ ಶೌಚಾಲಯಕ್ಕೆ ಒಳಗಿನ ಚಿಲಕ ಇಲ್ಲ ಅಂತ ಶಾಲೆಯ ದೊಡ್ಡವರಿಗೆ ಹೋಗಿ ಹೇಳಿದಳು. "ನೋಡೂಣು ಬಿಡವ್ವಾ" ಅಂದರು. ಮಳೆಗಾಲ ಮುಗಿದು ದೀಪಾವಳಿ ಬಂದರೂ ಚಿಲಕ ಬರಲಿಲ್ಲ. ಹುಡುಗಿಯರು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಾರೆ, ಈ ಊರ ಬಿಸಿಲಲ್ಲಿ! ನನಗೆ ಸಿಟ್ಟು ಬಂದದ್ದು ಚಿಲಕಕ್ಕಿಂತ ಜಾಸ್ತಿ ಆ ಉತ್ತರಕ್ಕೆ.

"ಮಕ್ಕಳಿಗೇನು ತಿಳೀತದ" ಅನ್ನುವವರು 2021ರ ಡಿಸೆಂಬರ್ ನೆನಪಿಸಿಕೊಳ್ಳಿ. ನಮ್ಮ ಜಿಲ್ಲೆಯೂ ಸೇರಿ ಏಳು ಜಿಲ್ಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರು ಮಾಡಿದರು, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ದೊಡ್ಡವರು ಬೇಕು ಬೇಡ ಅಂತ ಜಗಳಾಡಿದರು. ತಿನ್ನುವ ಮಕ್ಕಳನ್ನು ಕೇಳಿದವರು ಕಡಿಮೆ. ಕಡೆಗೆ ಗಂಗಾವತಿಯ ಶಾಲೆಯ ಹುಡುಗಿಯೊಬ್ಬಳು ಕ್ಯಾಮೆರಾ ಮುಂದೆ ನಿಂತು ನಮಗೆ ಮೊಟ್ಟೆ ಬೇಕು ಅಂತ ಗಟ್ಟಿಯಾಗಿ ಹೇಳಿದಳು, ಇಡೀ ರಾಜ್ಯ ಕೇಳಿಸಿಕೊಂಡಿತು. ತನ್ನ ಹಸಿವು ಅವಳಿಗೆ ಗೊತ್ತಿತ್ತು, ಅಲ್ವಾ?

ಮಕ್ಕಳ ಮಾತು ಕೇಳುವುದು ಯಾರೋ ಕೊಡುವ ಭಿಕ್ಷೆಯೂ ಅಲ್ಲ. ತಮಗೆ ಸಂಬಂಧಪಟ್ಟ ವಿಷಯದಲ್ಲಿ ಮಾತಾಡುವ ಹಕ್ಕು ಮಕ್ಕಳಿಗಿದೆ ಅನ್ನುವ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 1992ರಲ್ಲೇ ಒಪ್ಪಿದೆ. ಶಿಕ್ಷಣ ಹಕ್ಕು ಕಾಯ್ದೆಗೆ ಕೇಂದ್ರ 2010ರಲ್ಲಿ ಮಾಡಿದ ಮಾದರಿ ನಿಯಮಗಳಲ್ಲಿ ಶಾಲಾ ಸಮಿತಿಗೆ ಅದೇ ಶಾಲೆಯ ಮಕ್ಕಳನ್ನು ತೆಗೆದುಕೊಳ್ಳಲು ಅವಕಾಶ ಇದೆ. ನಮ್ಮಲ್ಲಿ ಮಕ್ಕಳ ಗ್ರಾಮಸಭೆಯೂ ಇದೆ. ಅಲ್ಲಿ ಮಕ್ಕಳು ಬಸ್ಸು, ನೀರು, ಕಾಂಪೌಂಡ್ ಅಂತ ಸರಿಯಾದದ್ದನ್ನೇ ಕೇಳುತ್ತಾರೆ.

ಮಾಸ್ತರರ ನೇಮಕ ಮಕ್ಕಳು ಮಾಡಲಿ ಅಂತ ಯಾರೂ ಹೇಳುತ್ತಿಲ್ಲ. ಆದರೆ ಶೌಚಾಲಯ, ಕುಡಿಯುವ ನೀರು, ಊಟ, ಆಟದ ಸಾಮಾನು, ಪ್ರವಾಸ, ಇವುಗಳ ಬಗ್ಗೆ ಅವರನ್ನು ಕೇಳದೆ ತೀರ್ಮಾನ ಮಾಡಬೇಡಿ. ಅವರು ಕೇಳಿದ್ದಕ್ಕೆ ತಿಂಗಳೊಳಗೆ ಉತ್ತರ ಕೊಡಿ, ಬರೆದು ಕೊಡಿ. ದುಡ್ಡಿಲ್ಲ ಅಂದರೆ ದುಡ್ಡಿಲ್ಲ ಅಂತಲೇ ಬರೆಯಿರಿ, ಮಕ್ಕಳು ಅರ್ಥ ಮಾಡಿಕೊಳ್ಳುತ್ತಾರೆ. ಸುಮ್ನೆ "ನೋಡೂಣು" ಅನ್ನಬೇಡಿ.

ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲೆಯ ಮೇಲುಸ್ತುವಾರಿ ಸಮಿತಿಯಲ್ಲಿ, ಇರುವ ಅಣ್ಣಂದಿರೇ, ಅಕ್ಕಂದಿರೇ, ಮುಂದಿನ ಸಭೆಗೆ ಇಬ್ಬರು ಮಕ್ಕಳನ್ನು ಕರೆಯಿರಿ. ಅವರಲ್ಲಿ ಒಬ್ಬಳು ಹುಡುಗಿ ಇರಲೇಬೇಕು. ಚಹಾ ಕುಡಿಯುವ ಮೊದಲೇ ಅವರ ಮಾತು ಕೇಳಿ, ಯಾಕೆಂದರೆ ಚಹಾ ಆದಮೇಲೆ ಅರ್ಧ ಜನ ಎದ್ದು ಹೋಗುತ್ತಾರೆ.